ಈಗಿನ ಕಂಟ್ರಿ ಸಂಗೀತ: ಸ್ವಂತಿಕೆ ಮತ್ತು ವಾದನ ಕೌಶಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಂಟ್ರಿ ಸಂಗೀತದ ಮಾತು ಬಂದಾಗಲೆಲ್ಲ ಪತ್ರಗಳಲ್ಲಿ, ಸ್ನೇಹಿತರ ಮಾತುಕತೆಯಲ್ಲಿ, ಓದುಗರ ಪ್ರತಿಕ್ರಿಯೆಗಳಲ್ಲಿ ಕೆಲವು ಪ್ರಶ್ನೆಗಳು ಮರಳಿ ಮರಳಿ ಎದುರಾಗುತ್ತವೆ. ಕೇಳುವವರಲ್ಲಿ ಟೆಕ್ಸಸ್, ಟೆನೆಸಿ ಕಡೆ ನೆಲೆಸಿ ಕಾರಿನ ರೇಡಿಯೊದಲ್ಲಿ ಈ ಹಾಡುಗಳನ್ನು ಕೇಳುವ ಕನ್ನಡಿಗರಿದ್ದಾರೆ, ಬೆಂಗಳೂರಿನಲ್ಲಿ ಗಿಟಾರ್ ಕಲಿಯುತ್ತಿರುವವರಿದ್ದಾರೆ, ಕರ್ನಾಟಕ ಸಂಗೀತದ ಹಿನ್ನೆಲೆಯ ಹಿರಿಯರೂ ಇದ್ದಾರೆ. ಪ್ರಶ್ನೆಗಳನ್ನು ಆದಷ್ಟೂ ಅವರವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

ಆರಂಭದ ಪ್ರಶ್ನೆಗಳು

ಕಂಟ್ರಿ ಮ್ಯೂಸಿಕ್ ಅಂದರೆ ಅಮೆರಿಕದ ಜನಪದ ಗೀತೆಗಳು ತಾನೇ?

ಬೇರು ಜನಪದದಲ್ಲಿದೆ, ಆದರೆ ಕಂಟ್ರಿ ಎಂಬ ಪ್ರಕಾರ ಬೆಳೆದದ್ದು ಧ್ವನಿಮುದ್ರಣದ ವ್ಯಾಪಾರ ಮತ್ತು ರೇಡಿಯೊದ ಜೊತೆಯಲ್ಲೇ. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೊದಲ್ಲಿ ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರಾದ ವಾರದ ಕಾರ್ಯಕ್ರಮ ಶುರುವಾದದ್ದು 1925ರಲ್ಲಿ. 1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬುವರು ವಿಕ್ಟರ್ ಕಂಪನಿಗಾಗಿ ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಮುದ್ರಣಯಂತ್ರ ಹೂಡಿ, ಸುತ್ತಲಿನ ಬೆಟ್ಟದ ಊರುಗಳ ಹಾಡುಗಾರರನ್ನು ಕರೆಸಿಕೊಂಡರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಅವರ ಮೊದಲ ಮುದ್ರಣಗಳು ಆದದ್ದು ಅಲ್ಲಿ. ಪಿಯರ್ ಅವರಿಗೆ ಹಕ್ಕುಸ್ವಾಮ್ಯ ನೋಂದಾಯಿಸಲು ಬರುವಂಥ ಹಾಡುಗಳು ಬೇಕಾಗಿದ್ದವು. ಹಾಗಾಗಿ ಎ.ಪಿ. ಕಾರ್ಟರ್ ಊರೂರು ಸುತ್ತಿ ಹಳೆಯ ಹಾಡುಗಳನ್ನು ಕಲೆಹಾಕಿ, ತಿದ್ದಿ ತೀಡಿ ತಮ್ಮ ಹೆಸರಿನಲ್ಲಿ ನೋಂದಾಯಿಸಿದರು. ಆ ಸುತ್ತಾಟದಲ್ಲಿ ಕಾರ್ಟರ್ ಸಾಹಿತ್ಯವನ್ನು ಬರೆದುಕೊಂಡರೆ, ಧಾಟಿಯನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದವರು ಜೊತೆಗಿದ್ದ ಕಪ್ಪು ವರ್ಣೀಯ ಗಿಟಾರ್ ವಾದಕ ಲೆಸ್ಲಿ ರಿಡಲ್. ಹಾಡು ಯಾರದು ಎಂಬ ಪ್ರಶ್ನೆ ಈ ಸಂಗೀತಕ್ಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ರೇಡಿಯೊ ಹಾಕಿದರೆ ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದೆ. ನನಗೆ ಕಿವಿ ಪಳಗಿಲ್ಲವೋ, ನಿಜಕ್ಕೂ ಹಾಗೇ ಇದೆಯೋ?

ನಿಮ್ಮ ಕಿವಿ ಸರಿಯಾಗಿಯೇ ಇದೆ. 2012ರಿಂದ ಮುಂದಿನ ಕೆಲವು ವರ್ಷ ರೇಡಿಯೊದಲ್ಲಿ ಮೆರೆದ ಹಾಡುಗಳಲ್ಲಿ ಪಿಕಪ್ ಟ್ರಕ್ಕು, ಮಣ್ಣಿನ ರಸ್ತೆ, ತಣ್ಣನೆಯ ಬಿಯರು, ಜೀನ್ಸ್ ತೊಟ್ಟ ಹುಡುಗಿ ಇವೇ ತಿರುಗಿ ತಿರುಗಿ ಬರುತ್ತಿದ್ದವು. ಜೋಡಿ ರೋಸನ್ ಎಂಬ ವಿಮರ್ಶಕರು 2013ರಲ್ಲಿ ಇದಕ್ಕೆ ಬ್ರೋ-ಕಂಟ್ರಿ ಎಂದು ಹೆಸರಿಟ್ಟರು, ಆ ಹೆಸರೇ ನಿಂತಿತು. ಫ್ಲೋರಿಡಾ ಜಾರ್ಜಿಯಾ ಲೈನ್ ಜೋಡಿಯ ‘ಕ್ರೂಸ್’, ಬಿಲ್‌ಬೋರ್ಡ್ ಪತ್ರಿಕೆ ಪ್ರಕಟಿಸುವ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ತುದಿಯಲ್ಲಿ 24 ವಾರ ಕುಳಿತಿತ್ತು. ಬಳಿಕ ಒಬ್ಬರು ಆರು ಜನಪ್ರಿಯ ಹಾಡುಗಳ ಶ್ರುತಿ ಮತ್ತು ವೇಗವನ್ನು ಹೊಂದಿಸಿ ಒಂದರ ಮೇಲೊಂದು ಕೂರಿಸಿ ಅಂತರಜಾಲದಲ್ಲಿ ಕೇಳಿಸಿದರು: ಚರಣ ಮುಗಿಯುವ ಜಾಗ, ಪಲ್ಲವಿ ಏರುವ ಜಾಗ, ಗಿಟಾರ್ ಎದ್ದು ಬರುವ ಜಾಗ, ಎಲ್ಲವೂ ಒಂದಕ್ಕೊಂದು ತಾಳೆಯಾದವು. ಶ್ರುತಿ ಹೊಂದಿಸಿದರೆ ಎರಡು ಹಾಡು ಹೊಂದುವುದು ದೊಡ್ಡದಲ್ಲ. ಕಟ್ಟೋಣವೇ ಆರಕ್ಕೆ ಆರೂ ಒಂದಾಗಿದ್ದುದು ಯೋಚಿಸಬೇಕಾದ ಸಂಗತಿ. 2014ರಲ್ಲಿ ಮ್ಯಾಡಿ ಅಂಡ್ ಟೇ ಎಂಬ ಇಬ್ಬರು ಎಳೆಯ ಹಾಡುಗಾರ್ತಿಯರು, ಆ ಹಾಡುಗಳೊಳಗಿನ ಹುಡುಗಿಗೆ ಹೆಸರೂ ಇಲ್ಲ ಮಾತೂ ಇಲ್ಲ ಎಂದು ಅದೇ ರೇಡಿಯೊದಲ್ಲಿ ಹಾಡಿ ಪಟ್ಟಿಯ ತುದಿ ಮುಟ್ಟಿದರು.

ಒಂದು ಮಾತು ಸೇರಿಸಬೇಕು. ಇದು ರೇಡಿಯೊ ಹಾಡುಗಳ ಕಥೆ. ಅದೇ ವರ್ಷಗಳಲ್ಲಿ ಜೇಸನ್ ಇಸ್ಬೆಲ್, ಕೇಸಿ ಮಸ್‌ಗ್ರೇವ್ಸ್, ಸ್ಟರ್ಗಿಲ್ ಸಿಂಪ್ಸನ್ ತಮ್ಮ ಅತ್ಯುತ್ತಮ ಕೆಲಸ ಮಾಡುತ್ತಿದ್ದರು.

ಮೂರೇ ಮೂರು ಕಾರ್ಡ್ ಹಿಡಿದು ಬಾರಿಸುವ ಸಂಗೀತದಲ್ಲಿ ಪಾಂಡಿತ್ಯ ಎಲ್ಲಿಂದ ಬರಬೇಕು?

ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು. ಕಾರ್ಡುಗಳ ಎಣಿಕೆಯಿಂದ ವಿದ್ವತ್ತನ್ನು ಅಳೆಯಲು ಹೊರಟರೆ ಈ ಸಂಗೀತ ಕೈಗೆ ಸಿಗುವುದಿಲ್ಲ. ಮೇಬೆಲ್ ಕಾರ್ಟರ್ ಅವರ ಗಿಟಾರನ್ನು ಗಮನಿಸಿ ಕೇಳಿ. ಹೆಬ್ಬೆರಳು ಕೆಳಶ್ರುತಿಯ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿಯನ್ನೇ ನುಡಿಸುತ್ತಿರುತ್ತದೆ, ಉಳಿದ ಬೆರಳು ಮೇಲಿನ ತಂತಿಗಳನ್ನು ಸವರಿ ಲಯ ಕೊಡುತ್ತಿರುತ್ತದೆ. ಒಬ್ಬರೇ ಕುಳಿತು ಇಬ್ಬರ ಕೆಲಸ ಮಾಡುವ ಈ ಕ್ರಮವನ್ನು ಅನಂತರದ ಗಿಟಾರ್ ವಾದಕರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಕಲಿತರು. ಕಾರ್ಡ್ ಕಡಿಮೆ ಇದ್ದಷ್ಟೂ ತಾಳದ ನಡೆ, ನಾದದ ಗುಣ, ಎಲ್ಲಿ ಸುಮ್ಮನಿರಬೇಕೆಂಬ ತಿಳಿವಳಿಕೆ ಇವು ಬಯಲಿಗೆ ಬೀಳುತ್ತವೆ. ತಪ್ಪನ್ನು ಮುಚ್ಚಿಕೊಳ್ಳಲು ಅಲ್ಲಿ ಜಾಗವಿಲ್ಲ.

ತಾನೇ ಬರೆಯದ ಹಾಡನ್ನು ಹಾಡುವವರನ್ನು ಸ್ವಂತಿಕೆ ಇರುವ ಕಲಾವಿದರು ಎನ್ನಲು ಹೇಗೆ ಸಾಧ್ಯ?

ಈ ಪ್ರಶ್ನೆ ಕನ್ನಡಿಗರಿಂದ ಬಂದಾಗ ನನಗೆ ಆಶ್ಚರ್ಯವಾಗುತ್ತದೆ. ಭಾವಗೀತೆಯಲ್ಲಿ ಕವಿ ಬೇರೆ, ರಾಗ ಸಂಯೋಜಕರು ಬೇರೆ, ಹಾಡುವವರು ಬೇರೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವಥ್ ಹಾಡಿದಾಗ ಅದರಲ್ಲಿ ಅಶ್ವಥ್ ಅವರದೇನಿದೆ ಎಂದು ನಾವು ಯಾರೂ ಕೇಳಲಿಲ್ಲ. ಒಂದೇ ಕೃತಿಯನ್ನು ಹತ್ತು ವಿದ್ವಾಂಸರು ಹಾಡಿದರೆ ಹತ್ತು ಮನೋಧರ್ಮ ಕೇಳಿಸುತ್ತದೆ ಎಂಬುದು ನಮ್ಮ ಕಿವಿಗೆ ಹೊಸದಲ್ಲ. ಹಾಡಿದವರೇ ಬರೆದಿರಬೇಕೆಂಬ ನಿರೀಕ್ಷೆ ಹೆಚ್ಚಾಗಿ 1960ರ ದಶಕದ ರಾಕ್ ಸಂಗೀತದಿಂದ ಬಂದದ್ದು. ಕಂಟ್ರಿಯ ಮಹಾಗಾಯಕರಾದ ಜಾರ್ಜ್ ಜೋನ್ಸ್, ಪ್ಯಾಟ್ಸಿ ಕ್ಲೈನ್, ಜಾರ್ಜ್ ಸ್ಟ್ರೇಟ್ ಹೆಚ್ಚಾಗಿ ಬೇರೆಯವರ ಹಾಡುಗಳನ್ನೇ ಹಾಡಿದವರು.

ಈಚಿನ ಒಳ್ಳೆಯ ಉದಾಹರಣೆ ‘ಟೆನೆಸಿ ವಿಸ್ಕಿ’. ಡೀನ್ ಡಿಲನ್ ಮತ್ತು ಲಿಂಡಾ ಹಾರ್ಗ್ರೋವ್ ಬರೆದ ಈ ಹಾಡನ್ನು 1981ರಲ್ಲಿ ಡೇವಿಡ್ ಅಲನ್ ಕೋ, 1983ರಲ್ಲಿ ಜಾರ್ಜ್ ಜೋನ್ಸ್ ಹಾಡಿದ್ದರು. ಕ್ರಿಸ್ ಸ್ಟೇಪಲ್ಟನ್ 2015ರಲ್ಲಿ ಅದನ್ನು ಎರಡೇ ಕಾರ್ಡಿಗೆ ಇಳಿಸಿ, ನಿಧಾನವಾಗಿ ತೂಗುವ ಸೋಲ್ ಸಂಗೀತದ ನಡೆಗೆ ಹೊಂದಿಸಿ, ಸ್ವರದಿಂದ ಸ್ವರಕ್ಕೆ ಜಾರುವ ಎಡೆಗಳಲ್ಲಿ ದನಿಯನ್ನು ಹಿಂಜಿ ಹರಡಿದರು. ಪದ ಹಳೆಯದು, ಧಾಟಿ ಬಹುಮಟ್ಟಿಗೆ ಹಳೆಯದು, ಆದರೂ ಕೇಳಿದವರಿಗೆ ಅದು ಸ್ಟೇಪಲ್ಟನ್ ಹಾಡು. ಅದಕ್ಕೆ ತದ್ವಿರುದ್ಧವಾದ ದಾರಿ ಲ್ಯೂಕ್ ಕೋಂಬ್ಸ್ ಅವರದು. ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಅನ್ನು ಅವರು 2023ರಲ್ಲಿ ಹೆಚ್ಚೇನೂ ಬದಲಿಸದೆ ಹಾಡಿದರು. ಅಂಗಡಿಯ ಗಲ್ಲಾದಲ್ಲಿ ಕೆಲಸಕ್ಕಿರುವ ಹೆಣ್ಣಿನ ಮಾತನ್ನು ಗಂಡಿನ ಮಾತಾಗಿ ತಿದ್ದಲೂ ಇಲ್ಲ. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಪ್ರಶಸ್ತಿ ಬರೆದವರಾದ ಚಾಪ್‌ಮನ್ ಅವರಿಗೆ ಸಂದಿತು, ಅದನ್ನು ಪಡೆದ ಮೊದಲ ಕಪ್ಪು ವರ್ಣೀಯ ಲೇಖಕಿ ಅವರು. ನನ್ನ ಮಟ್ಟಿಗೆ ಸ್ಟೇಪಲ್ಟನ್ ಅವರದು ಸೃಷ್ಟಿ, ಕೋಂಬ್ಸ್ ಅವರದು ಗೌರವ. ಎರಡೂ ಪ್ರಾಮಾಣಿಕವಾದವು, ಆದರೆ ಎರಡೂ ಒಂದೇ ಅಲ್ಲ.

ತಯಾರಿಕೆಯ ಬಗ್ಗೆ

ಒಂದು ಹಾಡಿಗೆ ನಾಲ್ಕೈದು ಜನ ಬರೆಯುವುದೇಕೆ? ಗುಂಪಿನಲ್ಲಿ ಕವಿತೆ ಹುಟ್ಟುತ್ತದೆಯೇ?

ನ್ಯಾಶ್‌ವಿಲ್‌ನ ಮ್ಯೂಸಿಕ್ ರೋ ಬೀದಿಗಳಲ್ಲಿ ಪ್ರಕಾಶನ ಸಂಸ್ಥೆಗಳ ಸಂಬಳಕ್ಕೆ ಬರೆಯುವ ಲೇಖಕರಿದ್ದಾರೆ. ಬೆಳಗ್ಗೆ ಗೊತ್ತಾದ ಹೊತ್ತಿಗೆ ಇಬ್ಬರು ಮೂವರು ಒಂದು ಕೋಣೆಯಲ್ಲಿ ಕೂಡಿ ಒಂದು ಹಾಡನ್ನು ಮುಗಿಸಿ ಏಳುತ್ತಾರೆ. ಈ ಪದ್ಧತಿ ಹಳೆಯದು, ಅದರಿಂದ ಒಳ್ಳೆಯ ಹಾಡುಗಳು ಬಂದಿವೆ. ಒಬ್ಬರು ಹೇಳಿದ ಸಾಲನ್ನು ಇನ್ನೊಬ್ಬರು ಒಪ್ಪದಿದ್ದಾಗ ಮೂರನೆಯ, ಮೊದಲಿನೆರಡಕ್ಕಿಂತ ಉತ್ತಮವಾದ ಸಾಲು ಸಿಗುವುದುಂಟು.

ಬದಲಾದದ್ದು ಕೋಣೆಯೊಳಗಿನ ಕ್ರಮ. ಹಿಂದೆ ಗಿಟಾರು ಮತ್ತು ಕಾಗದ ಹಿಡಿದು ಕೂಡುತ್ತಿದ್ದರು, ಹಾಡು ಆದ ಮೇಲೆ ಹಿನ್ನೆಲೆ ವಾದ್ಯಗಳ ಯೋಚನೆ ಬರುತ್ತಿತ್ತು. ಈಗ ಬಹಳ ಕಡೆ ಒಬ್ಬರು ಲ್ಯಾಪ್‌ಟಾಪಿನಲ್ಲಿ ಡ್ರಮ್ಮಿನ ಲೂಪು (ಮತ್ತೆ ಮತ್ತೆ ಮರುಕಳಿಸುವ ತುಣುಕು), ಬೇಸು, ಗಿಟಾರಿನ ತುಣುಕುಗಳನ್ನು ಜೋಡಿಸಿದ ಟ್ರ್ಯಾಕನ್ನು ಮೊದಲೇ ಸಿದ್ಧಪಡಿಸಿ ತರುತ್ತಾರೆ. ಉಳಿದವರು ಅದರ ಮೇಲೆ ಧಾಟಿಯನ್ನೂ ಮಾತನ್ನೂ ಕೂರಿಸುತ್ತಾರೆ. ಮಾತು ಹುಟ್ಟುವ ಮೊದಲೇ ವೇಗ, ನಡೆ, ಪಲ್ಲವಿಯ ಉದ್ದ ಎಲ್ಲ ಗೊತ್ತಾಗಿರುತ್ತದೆ. ಕಥೆ ಹೇಳಲು ಎರಡು ಸಾಲು ಹೆಚ್ಚು ಬೇಕಾದರೆ ಅಲ್ಲಿ ಜಾಗವಿರುವುದಿಲ್ಲ. ಎಲ್ಲ ಹಾಡೂ ಒಂದೇ ಥರ ಎಂಬ ದೂರಿನ ಮೂಲವನ್ನು ಬರೆಯುವವರ ಸಂಖ್ಯೆಯಲ್ಲಿ ಹುಡುಕುವುದಕ್ಕಿಂತ ಈ ಕ್ರಮದಲ್ಲಿ ಹುಡುಕುವುದು ಸರಿ. ಬ್ಲೂಬರ್ಡ್ ಕೆಫೆಯಂಥ ಚಿಕ್ಕ ಜಾಗದಲ್ಲಿ ಅವೇ ಲೇಖಕರು ಸುತ್ತ ಕುಳಿತು ಬರೀ ಗಿಟಾರಿನೊಂದಿಗೆ ತಮ್ಮ ಹಾಡುಗಳನ್ನು ಹಾಡುವಾಗ, ರೇಡಿಯೊದಲ್ಲಿ ಸಪ್ಪೆ ಎನಿಸಿದ ಹಾಡಿನ ಒಳಗೊಂದು ಗಟ್ಟಿ ಹಾಡಿತ್ತು ಎಂಬುದು ಎಷ್ಟೋ ಸಲ ತಿಳಿಯುತ್ತದೆ.

ಈಗಿನ ಆಲ್ಬಂಗಳಲ್ಲಿ ನಿಜವಾಗಿ ನುಡಿಸುವವರು ಯಾರು? ಎಲ್ಲ ಕಂಪ್ಯೂಟರೇ ಅಲ್ಲವೇ?

ಅಲ್ಲ. ನ್ಯಾಶ್‌ವಿಲ್ ಇಂದಿಗೂ ಸ್ಟುಡಿಯೊ ವಾದಕರ ದೊಡ್ಡ ಕೇಂದ್ರಗಳಲ್ಲೊಂದು, ಇಲ್ಲಿ ಕೌಶಲ ಕುಸಿದಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವೇದಿಕೆಯ ಮೇಲೆ ಗಾಯಕರ ಹಿಂದೆ ಕಾಣುವ ತಂಡ ಒಂದು, ಮುದ್ರಣದಲ್ಲಿ ನುಡಿಸುವವರು ಹಲವು ಸಲ ಮತ್ತೊಂದು ತಂಡ. 1960ರ ದಶಕದಲ್ಲಿ ಗ್ರೇಡಿ ಮಾರ್ಟಿನ್, ಬಾಬ್ ಮೂರ್, ಬಡ್ಡಿ ಹಾರ್ಮನ್, ಫ್ಲಾಯ್ಡ್ ಕ್ರೇಮರ್ ಮುಂತಾದ ಬೆರಳೆಣಿಕೆಯ ಮಂದಿ ಬಹುಪಾಲು ದೊಡ್ಡ ಹಾಡುಗಳಲ್ಲಿ ನುಡಿಸಿದರು. ಅನಂತರದ ತಲೆಮಾರಿನ ಬ್ರೆಂಟ್ ಮೇಸನ್ ಅವರ ಟೆಲಿಕ್ಯಾಸ್ಟರ್ ಗಿಟಾರನ್ನು, ಪಾಲ್ ಫ್ರ್ಯಾಂಕ್ಲಿನ್ ಅವರ ಪೆಡಲ್ ಸ್ಟೀಲನ್ನು ಹೆಸರು ತಿಳಿಯದೆಯೇ ನೀವು ಕೇಳಿರುತ್ತೀರಿ.

ಅವರು ಕೆಲಸ ಮಾಡುವ ಬಗೆ ನೋಡುವಂಥದ್ದು. ಒಂದು ಸೆಷನ್ ಎಂದರೆ ಮೂರು ಗಂಟೆ. ವಾದಕರು ಹಾಡನ್ನು ಒಮ್ಮೆ ಕೇಳುತ್ತಾರೆ, ಕೈಯಲ್ಲೊಂದು ಹಾಳೆ ಇರುತ್ತದೆ. ಅದರಲ್ಲಿ ಪಾಶ್ಚಾತ್ಯ ಸ್ವರಲಿಪಿ ಇಲ್ಲ. 1, 4, 5 ಎಂದು ಅಂಕಿಗಳಿವೆ. ಷಡ್ಜದ ಮೇಲಿನ ಕಾರ್ಡ್ 1, ಮಧ್ಯಮದ ಮೇಲಿನದು 4, ಪಂಚಮದ ಮೇಲಿನದು 5. ಅಂಕಿಯ ಸುತ್ತ ವಜ್ರದ ಆಕಾರ ಬರೆದಿದ್ದರೆ ಮೀಟಿ ನಾದವನ್ನು ಹಾಗೇ ಬಿಡಬೇಕು. ಗಾಯಕರು ಶ್ರುತಿ ಅರ್ಧ ಸ್ವರ ಏರಿಸಿ ಎಂದರೆ ಹಾಳೆಯನ್ನು ಬದಲಿಸುವ ಪ್ರಮೇಯವೇ ಇಲ್ಲ, ಏಕೆಂದರೆ ಅಂಕಿ ಯಾವ ಶ್ರುತಿಗೂ ಅದೇ. ಸರಿಗಮ ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯಕವೃಂದದ ನೀಲ್ ಮ್ಯಾಥ್ಯೂಸ್ ಹಿಮ್ಮೇಳ ಹಾಡಲು ಹೊಸೆದ ಈ ಕ್ರಮವನ್ನು ಚಾರ್ಲಿ ಮೆಕಾಯ್ ಮೊದಲಾದವರು ವಾದ್ಯಗಳಿಗೆ ಒಗ್ಗಿಸಿದರು. ಹಾಳೆಯಲ್ಲಿ ಕಾರ್ಡುಗಳಷ್ಟೇ ಇರುವುದರಿಂದ ಏನು ನುಡಿಸಬೇಕೆಂಬುದು ಪ್ರತಿ ವಾದಕರ ಸ್ವಂತ ತೀರ್ಮಾನ, ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡಬೇಕು. ಹಾಡಿನ ಹಕ್ಕಿನಲ್ಲಿ ಸಾಮಾನ್ಯವಾಗಿ ಅವರಿಗೆ ಪಾಲಿಲ್ಲ. ಹಾಡು ಶುರುವಾದ ಕೂಡಲೇ ಗುರುತು ಹಿಡಿಸುವ ನುಡಿಕೆಯನ್ನು ಕಟ್ಟಿದವರಿಗೆ ಆ ದಿನದ ಕೂಲಿ ಮಾತ್ರ ಎಂಬುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಅಳುವ ಹಾಗೆ ಜಾರುತ್ತ ಹೋಗುವ ಆ ವಾದ್ಯ ಯಾವುದು? ಈಗಿನ ಹಾಡುಗಳಲ್ಲಿ ಅದು ಏಕೆ ಕಡಿಮೆಯಾಗಿದೆ?

ಅದು ಪೆಡಲ್ ಸ್ಟೀಲ್ ಗಿಟಾರ್. ಮೇಜಿನಂತೆ ಅಡ್ಡಲಾಗಿರುವ ವಾದ್ಯದ ಮೇಲೆ ಸಾಮಾನ್ಯವಾಗಿ ಹತ್ತು ತಂತಿಗಳು. ಎಡಗೈಯಲ್ಲಿ ಉಕ್ಕಿನ ಸರಳು, ಬಲಗೈ ಬೆರಳುಗಳಿಗೆ ಮೀಟುವ ಉಗುರು, ಎಡಗಾಲಿನ ಕೆಳಗೆ ತಂತಿಯ ಶ್ರುತಿ ಏರಿಸುವ ಪೆಡಲುಗಳು, ಎರಡೂ ಮೊಣಕಾಲಿಗೆ ಸನ್ನೆಗೋಲುಗಳು, ಬಲಗಾಲಿಗೆ ನಾದದ ಏರಿಳಿತ. ಒಂದು ಸ್ವರ ನಿಂತಲ್ಲೇ ನಿಂತಿರುವಾಗ ಪಕ್ಕದ ಸ್ವರ ಮೇಲಕ್ಕೆ ಜಾರುತ್ತದೆ. ನೀವು ಅಳು ಎಂದದ್ದು ಅದನ್ನೇ. ಬಡ್ ಐಸಾಕ್ಸ್ ನುಡಿಸಿದ ವೆಬ್ ಪಿಯರ್ಸ್ ಹಾಡೊಂದು 1954ರಲ್ಲಿ ಗೆದ್ದ ಮೇಲೆ ಎಲ್ಲರಿಗೂ ಈ ನಾದ ಬೇಕಾಯಿತು.

ಮೂಲದಲ್ಲಿ ಸ್ಟೀಲ್ ಗಿಟಾರ್ ಹವಾಯಿ ದ್ವೀಪದ್ದು. ಅಲ್ಲಿಂದಲೇ ಅದರ ಇನ್ನೊಂದು ಕವಲು ಭಾರತಕ್ಕೆ ಬಂತು: ಹವಾಯಿ ಸಂಗೀತದ ತೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಕಲಿಸಿದರು, ಮುಂದೆ ಬ್ರಿಜಭೂಷಣ ಕಾಬ್ರಾ ಹಿಂದೂಸ್ತಾನಿ ರಾಗಗಳನ್ನು ಅದರ ಮೇಲೆ ನುಡಿಸಿದರು. ಆ ಪರಂಪರೆಯ ವಿಶ್ವಮೋಹನ ಭಟ್ಟರು 1990ರ ದಶಕದಲ್ಲಿ ಬ್ಲೂಗ್ರಾಸ್‌ನ (ವೇಗದ ತಂತಿವಾದನಕ್ಕೆ ಹೆಸರಾದ ಕಂಟ್ರಿಯ ಕವಲು) ಡೋಬ್ರೊ (ಸರಳು ಜಾರಿಸಿ ನುಡಿಸುವ ಗಿಟಾರ್) ವಾದಕ ಜೆರ್ರಿ ಡಗ್ಲಸ್ ಅವರೊಂದಿಗೆ ಮುದ್ರಣ ಮಾಡಿದಾಗ, ಬಹಳ ಹಿಂದೆ ಕವಲೊಡೆದ ಎರಡು ಮನೆತನಗಳು ಕೂಡಿ ಕುಳಿತಂತಿತ್ತು.

ಕಡಿಮೆಯಾದದ್ದಕ್ಕೆ ಕಾರಣವೂ ವಾದ್ಯದ ಸ್ವಭಾವದಲ್ಲೇ ಇದೆ. ಈ ನಾದಕ್ಕೆ ಉಸಿರಾಡಲು ತೆರಪು ಬೇಕು. ಲೂಪುಗಳೂ ಗಡುಸು ಗಿಟಾರುಗಳೂ ದಟ್ಟವಾಗಿ ತುಂಬಿದ ಮಿಶ್ರಣದಲ್ಲಿ ಅದು ಮುಳುಗಿಹೋಗುತ್ತದೆ.

ಆಟೋಟ್ಯೂನ್ ಬಳಸಿದರೆ ಅದು ಮೋಸವಲ್ಲವೇ?

1997ರಲ್ಲಿ ಬಂದ ಈ ತಂತ್ರಾಂಶ ಈಗ ಬಹುತೇಕ ಎಲ್ಲ ಸ್ಟುಡಿಯೊಗಳಲ್ಲೂ ಇದೆ. ಒಂದೆರಡು ಅಪಶ್ರುತಿ ತಿದ್ದುವುದರಿಂದ ಆಕಾಶವೇನೂ ಕಳಚುವುದಿಲ್ಲ. ಆದರೆ ಕಂಟ್ರಿ ಗಾಯನದ ಜೀವ ಇರುವುದು ಸ್ವರಗಳ ನಡುವಿನ ಎಡೆಯಲ್ಲಿ, ನಾವು ಜಾರು ಗಮಕ ಎನ್ನುವ ತಾಣದಲ್ಲಿ. ಪ್ರತಿ ಸ್ವರವನ್ನೂ ನೆಟ್ಟಗೆ ನಿಲ್ಲಿಸಿಬಿಟ್ಟರೆ ಜಾರ್ಜ್ ಜೋನ್ಸ್ ಅವರಂಥ ಗಾಯಕರ ಗಾಯನದಲ್ಲಿ ಉಳಿಯುವುದು ಬಹಳ ಕಡಿಮೆ.

ವಾದ–ವಿವಾದದ ಪ್ರಶ್ನೆಗಳು

ಹಿಂದಿನದೇ ನಿಜವಾದ ಕಂಟ್ರಿ, ಈಗಿನದು ಬರೀ ಪಾಪ್ ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?

ಈ ದೂರು ಪ್ರತಿ ತಲೆಮಾರಿನಲ್ಲೂ ಕೇಳಿಬಂದಿದೆ. 1950ರ ದಶಕದ ಕೊನೆಗೆ ನಿರ್ಮಾಪಕರಾದ ಚೆಟ್ ಆಟ್ಕಿನ್ಸ್ ಮತ್ತು ಓವೆನ್ ಬ್ರಾಡ್ಲಿ ಫಿಡಲು (ಹಳ್ಳಿ ಧಾಟಿಯಲ್ಲಿ ನುಡಿಸುವ ಪಿಟೀಲು), ಸ್ಟೀಲುಗಳನ್ನು ಹಿಂದಕ್ಕೆ ಸರಿಸಿ ಪಿಟೀಲುವೃಂದವನ್ನೂ ಹಿಮ್ಮೇಳವನ್ನೂ ತಂದಾಗ ಹೀಗೇ ಅಂದರು. ಇಂದು ಅದೇ ಪ್ಯಾಟ್ಸಿ ಕ್ಲೈನ್ ಮುದ್ರಣಗಳನ್ನು ಶುದ್ಧ ಕಂಟ್ರಿ ಎಂದು ತೋರಿಸುತ್ತಾರೆ. 1974ರಲ್ಲಿ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಅವರಿಗೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಶ್ರೇಷ್ಠ ಗಾಯಕಿ ಪ್ರಶಸ್ತಿ ಬಂದಾಗ ನ್ಯಾಶ್‌ವಿಲ್‌ನ ಕಲಾವಿದರು ಪ್ರತಿಭಟಿಸಿ ಪ್ರತ್ಯೇಕ ಸಂಘವನ್ನೇ ಕಟ್ಟಿದರು. ಮರುವರ್ಷ ಪ್ರಶಸ್ತಿ ವಿಜೇತರೆಂದು ಜಾನ್ ಡೆನ್ವರ್ ಅವರ ಹೆಸರಿದ್ದ ಚೀಟಿಗೆ ಚಾರ್ಲಿ ರಿಚ್ ವೇದಿಕೆಯ ಮೇಲೆಯೇ ಬೆಂಕಿ ಹಚ್ಚಿದರು.

ಹಾಗೆಂದು ದೂರನ್ನು ತಳ್ಳಿಹಾಕುವುದೂ ಸರಿಯಲ್ಲ. ನ್ಯಾಶ್‌ವಿಲ್ ನುಣುಪಾದಾಗಲೆಲ್ಲ ಅತೃಪ್ತಿಯಿಂದಲೇ ಹೊಸದು ಹುಟ್ಟಿದೆ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಬಕ್ ಓವೆನ್ಸ್ ಮತ್ತು ಮರ್ಲ್ ಹ್ಯಾಗರ್ಡ್ ಟೆಲಿಕ್ಯಾಸ್ಟರ್ ಗಿಟಾರಿನ ಚೂಪು ನಾದವನ್ನು ಮುಂದಿಟ್ಟರು. ವಿಲ್ಲಿ ನೆಲ್ಸನ್ 1975ರಲ್ಲಿ ಅತಿ ಕಡಿಮೆ ವಾದ್ಯಗಳ ಒಂದು ಇಡೀ ಕಥನ ಆಲ್ಬಮನ್ನು ಧ್ವನಿಮುದ್ರಣ ಸಂಸ್ಥೆಯ ಅನುಮಾನದ ನಡುವೆಯೇ ಹೊರತಂದು ಗೆದ್ದರು. ಗಮನಿಸಿ, ಇವರಾರೂ ಹಳೆಯದರ ನಕಲು ಮಾಡಲಿಲ್ಲ. 1950ರ ದಶಕದ ಉಡುಪು, ಮೈಕು, ಉಚ್ಚಾರಗಳನ್ನು ಹಾಗೆಹಾಗೇ ಪುನರಾವರ್ತಿಸುವ ಈಗಿನ ಕೆಲವು ಸಂಪ್ರದಾಯವಾದಿ ಗಾಯಕರಿಗೂ ರೇಡಿಯೊದ ಟ್ರಕ್ ಹಾಡುಗಳಿಗೂ ಸ್ವಂತಿಕೆಯ ದೃಷ್ಟಿಯಿಂದ ನನಗೆ ಹೆಚ್ಚು ಅಂತರ ಕಾಣುವುದಿಲ್ಲ.

ಅಷ್ಟು ಒಳ್ಳೆಯ ಕಲಾವಿದರಿದ್ದರೆ ರೇಡಿಯೊದಲ್ಲಿ ಏಕೆ ಕೇಳಿಬರುವುದಿಲ್ಲ?

1996ರ ದೂರಸಂಪರ್ಕ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರ ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು. ಊರಿನ ನಿರೂಪಕರು ತಮಗೆ ಹಿಡಿಸಿದ ಹಾಡು ಹಾಕುವ ಕಾಲ ಹೋಗಿ, ಎಲ್ಲೋ ತಯಾರಾದ ಚಿಕ್ಕ ಪಟ್ಟಿ ಎಲ್ಲೆಡೆ ಓಡತೊಡಗಿತು. ಗಾಯಕಿಯರಿಗೆ ಇದರ ಪೆಟ್ಟು ಹೆಚ್ಚು ಬಿತ್ತು. 2015ರಲ್ಲಿ ಒಬ್ಬ ರೇಡಿಯೊ ಸಲಹೆಗಾರರು ಗಾಯಕಿಯರ ಹಾಡುಗಳನ್ನು ಸಾಲಾಗಿ ಹಾಕಬೇಡಿ ಎಂದು ಸಲಹೆ ಕೊಟ್ಟು, ಸಲಾಡಿನಲ್ಲಿ ಗಂಡಸರು ಎಲೆಸೊಪ್ಪು, ಹೆಂಗಸರು ಟೊಮೆಟೊ ಎಂದು ಹೋಲಿಸಿದ್ದು ದೊಡ್ಡ ಗಲಾಟೆಯಾಯಿತು. ಅಂಥ ಪಟ್ಟಿಯ ಹೊರಗೆ ನಿಂತೇ ಕೇಸಿ ಮಸ್‌ಗ್ರೇವ್ಸ್ 2019ರಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಪಡೆದರು.

ಲಿಲ್ ನಾಸ್ ಎಕ್ಸ್, ಬಿಯಾನ್ಸೆ ಮಾಡಿದ್ದು ಕಂಟ್ರಿ ಎಂದು ಹೇಗೆ ಒಪ್ಪುವುದು?

2019ರಲ್ಲಿ ಕಪ್ಪು ವರ್ಣೀಯ ರ‍್ಯಾಪ್ ಗಾಯಕ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಅನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಹಾಡು ಮುಖ್ಯ ಪಟ್ಟಿಯ ತುದಿಯಲ್ಲಿ 19 ವಾರ ನಿಂತಿತು. ಅದರ ಹಿನ್ನೆಲೆಯ ಬ್ಯಾಂಜೊ ರಾಕ್ ತಂಡವೊಂದರ ಮುದ್ರಣದ ತುಣುಕು, ಬೀಟ್ ಅಂತರಜಾಲದಲ್ಲಿ 30 ಡಾಲರಿಗೆ ಕೊಂಡದ್ದು. ವಾದನ ಕೌಶಲದ ಮಾದರಿಯೆಂದು ನಾನದನ್ನು ಮುಂದಿಡುವುದಿಲ್ಲ. ಆದರೆ ಡ್ರಮ್ ಲೂಪು ಮತ್ತು ರ‍್ಯಾಪಿನ ಧಾಟಿ ಬಳಸಿದ ಬಿಳಿಯ ಗಾಯಕರ ಹಾಡುಗಳು ಅದೇ ಪಟ್ಟಿಯಲ್ಲಿ ವರ್ಷಗಟ್ಟಲೆ ಇದ್ದಾಗ ಕೇಳಿಬಾರದ ತಕರಾರು ಇದಕ್ಕೆ ಮಾತ್ರ ಬಂದದ್ದು ಸಂಗೀತದ ವಿಚಾರವೆಂದು ನಂಬುವುದು ಕಷ್ಟ.

ಕಪ್ಪು ವರ್ಣೀಯ ಪಾಪ್ ತಾರೆ ಬಿಯಾನ್ಸೆ ಅವರ 2024ರ ಆಲ್ಬಮಿನ ವಿಷಯ ಬೇರೆ. ಅದರಲ್ಲಿ ಬ್ಯಾಂಜೊ ಮತ್ತು ವಯೋಲಾ ನುಡಿಸಿದವರು ಬ್ಯಾಂಜೊವಿನ ಆಫ್ರಿಕನ್ ಮೂಲವನ್ನು ಆಳವಾಗಿ ಅಭ್ಯಸಿಸಿದ ರಿಯಾನನ್ ಗಿಡೆನ್ಸ್. ಪೆಡಲ್ ಸ್ಟೀಲ್ ರಾಬರ್ಟ್ ರ‍್ಯಾಂಡಾಲ್ಫ್ ಅವರದು, ಕಪ್ಪು ಸಮುದಾಯದ ಚರ್ಚುಗಳಲ್ಲಿ ಬೆಳೆದ ಸ್ಟೀಲ್ ಪರಂಪರೆಯವರು. ಆಪ್ರಿಯ ಆರಂಭದ ತಾರೆಗಳಲ್ಲೊಬ್ಬರು ಹಾರ್ಮೋನಿಕಾ ವಾದಕ ಡೆಫೋರ್ಡ್ ಬೇಲಿ. ಹ್ಯಾಂಕ್ ವಿಲಿಯಮ್ಸ್ ಹುಡುಗನಾಗಿದ್ದಾಗ ಗಿಟಾರಿನ ಪಾಠ ಕಲಿತದ್ದು ಬೀದಿ ಹಾಡುಗಾರ ರೂಫಸ್ ಪೇನ್ ಅವರಿಂದ. ಇಬ್ಬರೂ ಕಪ್ಪು ವರ್ಣೀಯರು. ಹೊರಗಿನವರು ಬಂದರು ಎನ್ನುವವರಿಗೆ ಈ ಚರಿತ್ರೆ ಗೊತ್ತಿರಬೇಕು.

ಗಿಟಾರ್ ಕಲಿಯುತ್ತಿದ್ದೇನೆ. ಈಗಿನವರಲ್ಲಿ ಯಾರನ್ನು ಕೇಳಲಿ?

ಬ್ಲೂಗ್ರಾಸ್‌ನಿಂದ ಶುರುಮಾಡಿ. ಬಿಲ್ಲಿ ಸ್ಟ್ರಿಂಗ್ಸ್ ಮತ್ತು ಮಾಲಿ ಟಟ್ಲ್ ಇಬ್ಬರ ಪಿಕ್ಕಿಂಗನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಟಟ್ಲ್ 2017ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಸ್ಥೆಯ ಗಿಟಾರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಎಲೆಕ್ಟ್ರಿಕ್ ಗಿಟಾರಿಗೆ ಬ್ರಾಡ್ ಪೇಸ್ಲಿ, ವಿನ್ಸ್ ಗಿಲ್. ಕೆಂಟಕಿಯ ಟೈಲರ್ ಚೈಲ್ಡರ್ಸ್ 2020ರಲ್ಲಿ, ಬೇಡಿಕೆ ಏರುತ್ತಿದ್ದ ಹೊತ್ತಿನಲ್ಲೇ, ಬಹುಪಾಲು ಬರೀ ಫಿಡಲ್ ವಾದನದ ಆಲ್ಬಂ ತಂದರು. ಮೊದಲು ಅರ್ಧ ವೇಗದಲ್ಲಿ ಕೇಳಿ, ಬಲಗೈ ಎಲ್ಲಿ ತಡೆಯುತ್ತದೆ ಎಂಬುದನ್ನು ಗುರುತಿಸಿ.

ಯಂತ್ರವೇ ಹಾಡು ಕಟ್ಟಿ ಹಾಡುವುದಾದರೆ ಸ್ವಂತಿಕೆಯ ಮಾತಿಗೆ ಇನ್ನೇನು ಅರ್ಥ?

ಎರಡು ಪ್ರಕರಣಗಳನ್ನು ಬೇರೆಬೇರೆಯಾಗಿ ನೋಡಬೇಕು. 2013ರಲ್ಲಿ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ರ‍್ಯಾಂಡಿ ಟ್ರ್ಯಾವಿಸ್ ಅವರ ಹೊಸ ಹಾಡು 2024ರಲ್ಲಿ ಬಂತು. ಮತ್ತೊಬ್ಬ ಗಾಯಕರು ಹಾಡಿದ್ದನ್ನು ಆಧಾರವಾಗಿಟ್ಟು, ಟ್ರ್ಯಾವಿಸ್ ಅವರ ಹಳೆಯ ಮುದ್ರಣಗಳಿಂದ ಕಲಿತ ಯಂತ್ರ ಅವರ ದನಿಯನ್ನು ಮರಳಿ ಕಟ್ಟಿತು. ಅವರ ಒಪ್ಪಿಗೆ ಇತ್ತು, ಅವರ ದನಿಯನ್ನು ದಶಕಗಳಿಂದ ಬಲ್ಲ ನಿರ್ಮಾಪಕ ಕೈಲ್ ಲೆಹ್ನಿಂಗ್ ಜೊತೆಗಿದ್ದರು. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

2025ರ ನವೆಂಬರಿನಲ್ಲಿ ಬ್ರೇಕಿಂಗ್ ರಸ್ಟ್ ಎಂಬ ಕಲಾವಿದರ ಹೆಸರಿನಲ್ಲಿ ಬಂದ, ಯಂತ್ರನಿರ್ಮಿತವೆಂದು ವರದಿಯಾದ ಹಾಡು ಬಿಲ್‌ಬೋರ್ಡ್‌ನ ಕಂಟ್ರಿ ಡಿಜಿಟಲ್ ಮಾರಾಟ ಪಟ್ಟಿಯ ತುದಿಗೇರಿತು. ಹಣ ಕೊಟ್ಟು ಇಳಿಸಿಕೊಂಡ ಪ್ರತಿಗಳನ್ನಷ್ಟೇ ಎಣಿಸುವ ಆ ಪಟ್ಟಿಯಲ್ಲಿ ತುದಿ ಮುಟ್ಟಲು ಕೆಲವೇ ಸಾವಿರ ಪ್ರತಿ ಸಾಕು, ಆದ್ದರಿಂದ ಸಂಖ್ಯೆಗೆ ಹೆದರಬೇಕಾಗಿಲ್ಲ. ಟೆನೆಸಿ ರಾಜ್ಯ 2024ರಲ್ಲಿ ಎಲ್ವಿಸ್ ಕಾಯ್ದೆ ತಂದು ವ್ಯಕ್ತಿಯ ದನಿಯನ್ನು ಒಪ್ಪಿಗೆಯಿಲ್ಲದೆ ಅನುಕರಿಸುವುದನ್ನು ತಡೆದಿದೆ. ಆದರೆ ಆ ರಕ್ಷಣೆ ಗುರುತಿಸಬಹುದಾದ ಒಬ್ಬ ವ್ಯಕ್ತಿಯ ದನಿಗೆ. ಯಾರದ್ದೂ ಅಲ್ಲದ, ಎಲ್ಲರಂತೆಯೂ ಕೇಳಿಸುವ ದನಿಯನ್ನು ಯಂತ್ರ ಹೊರಡಿಸಿದರೆ ಅಂಥ ಕಾಯ್ದೆಯಿಂದ ಅದನ್ನು ಹಿಡಿಯುವುದು ಕಷ್ಟ. ಒಂದೇ ಅಚ್ಚಿನ ಹಾಡುಗಳನ್ನು ವರ್ಷಗಟ್ಟಲೆ ಓಡಿಸಿದ ರೇಡಿಯೊ ಪಟ್ಟಿಗಳೇ ಅಂಥ ದನಿಗೆ ಕೇಳುಗರನ್ನು ಸಿದ್ಧಪಡಿಸಿಟ್ಟಿವೆ.